ಪರದೆಯ ಹಿಂದೆ ಬಿದ್ದ ದಾಳ

ಮೇಜಿನಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳ ಪತ್ರಗಳನ್ನು ಮುಂದಿಟ್ಟುಕೊಂಡು ಕೂತರೆ ಎಲ್ಲವೂ ಒಂದೇ ಬಾಗಿಲು ತಟ್ಟುತ್ತಿವೆ. ಆಟ ನಡೆಸುವವರ ಮಾತು ಎಲ್ಲಿಯವರೆಗೆ ನಡೆಯಬೇಕು? ದಾವಣಗೆರೆಯ ತಾಯಿಯೊಬ್ಬರ ಪತ್ರವನ್ನು ಮೊದಲು ತೆಗೆದುಕೊಂಡಿದ್ದೇನೆ. ಈ ಅಂಕಣಕ್ಕೆ ಹೊಸಬರಾದವರಿಗೂ ಅದರಿಂದ ಅನುಕೂಲ.

ಪ್ರಶ್ನೆ: ಮೇಡಂ, ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಶನಿವಾರ ಬಂತೆಂದರೆ ನಾಲ್ಕು ಹುಡುಗರು ನಮ್ಮ ಹಾಲ್‌ನಲ್ಲಿ ಕೂತು ಬಣ್ಣಬಣ್ಣದ ದಾಳ ಉರುಳಿಸುತ್ತಾರೆ. "ಡಿಎಂ ಹೇಳಿದ ಮೇಲೆ ಮುಗೀತು" ಅಂತಾನೆ. ಮನೆಯಲ್ಲಿ ನಾನು ಹೇಳಿದ್ದು ಮಾತ್ರ ಯಾವತ್ತೂ ಮುಗಿಯುವುದಿಲ್ಲ. ಇದು ಜೂಜಲ್ಲ ತಾನೇ? ಈ ಡಿಎಂ ಯಾರು?

ಉತ್ತರ: ಜೂಜಲ್ಲಮ್ಮ. ದುಡ್ಡು ಕಟ್ಟುವುದೂ ಇಲ್ಲ, ಗೆಲ್ಲುವುದೂ ಇಲ್ಲ. ಡಿಎಂ ಅಂದರೆ ಡಂಜನ್ ಮಾಸ್ಟರ್. ಬಹುಶಃ ಆ ನಾಲ್ವರಲ್ಲೇ ಒಬ್ಬ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಿಂದ ಬಂದ ಹೆಸರದು. ಒಬ್ಬ ಊರು, ಕಾಡು, ರಾಕ್ಷಸರನ್ನು ಬಣ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ "ನಾನು ಬಾಗಿಲು ಒದೆಯುತ್ತೇನೆ" ಅನ್ನುತ್ತಾರೆ. ಬಾಗಿಲು ಮುರಿಯಿತೋ ಕಾಲು ಮುರಿಯಿತೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. 1980ರ ದಶಕದಲ್ಲಿ ಅಮೆರಿಕದ ಅಮ್ಮಂದಿರೂ ಹೆದರಿದ್ದರು. ಅಲ್ಲಿ ಇದು ಸೈತಾನನ ಪೂಜೆ ಅಂತಲೇ ಗುಲ್ಲೆದ್ದಿತ್ತು. ನಿಮ್ಮದು ಜೂಜಿನ ಅನುಮಾನ ಮಾತ್ರ, ಎಷ್ಟೋ ವಾಸಿ.

ಡಿಎಂ ಮಾತು ನಡೆಯುತ್ತದೆ, ನಿಮ್ಮದು ಯಾಕೆ ನಡೆಯುವುದಿಲ್ಲ? ಡಿಎಂ ಸರಿಯಿಲ್ಲದಿದ್ದರೆ ಹುಡುಗರು ಎದ್ದು ಮನೆಗೆ ಹೋಗಬಹುದು. ನಿಮ್ಮ ವಿಷಯದಲ್ಲಿ ಪಾಪ ಅವನಿಗೆ ಆ ಅನುಕೂಲವಿಲ್ಲ. ಮುಂದಿನ ಶನಿವಾರ ಒಂದು ಪುಟ್ಟಿ ಮಂಡಕ್ಕಿ, ನಾಲ್ಕು ಬಿಸಿ ಮಿರ್ಚಿ ತೆಗೆದುಕೊಂಡು ಹೋಗಿ ಅರ್ಧ ಗಂಟೆ ಕೂತು ನೋಡಿ.

ಪ್ರಶ್ನೆ: ಎರಡು ವರ್ಷದಿಂದ ನಾನೇ ನಮ್ಮ ಗುಂಪಿನ ಡಿಎಂ. ಕಳೆದ ತಿಂಗಳು ಒಬ್ಬರ ಕ್ಲೆರಿಕ್ (ಗಾಯ ವಾಸಿಮಾಡುವ ಪೂಜಾರಿ ಪಾತ್ರ) ಸಾಯುವ ಹಾಗಿತ್ತು. ಡಿಎಂ ತನ್ನ ದಾಳ, ಟಿಪ್ಪಣಿ ಕಾಣದಂತೆ ಇಟ್ಟುಕೊಳ್ಳುವ ಪರದೆಯ ಹಿಂದೆ, ಎದುರಾಳಿಯ ಏಟಿಗೆ ನನಗೆ 20 ಬಿತ್ತು, ಅಂದರೆ ಅತಿ ಜೋರಿನ ಏಟು. ಕರುಣೆಯಿಂದ 8 ಅಂದೆ. ಪಕ್ಕದಲ್ಲಿದ್ದವಳಿಗೆ ಕಂಡುಬಿಟ್ಟಿತು. ಈಗ ಎಲ್ಲ ದಾಳವನ್ನೂ ಎದುರಿಗೇ ಹಾಕಬೇಕು ಅಂತ ಹಠ. ಉಳಿಸಿದ್ದಕ್ಕೆ ಇದೇನಾ ಬೆಲೆ? ಆಟ ನಡೆಸುವವರಿಗೆ ಅಷ್ಟೂ ಅಧಿಕಾರ ಇಲ್ಲವೇ? (ಮೈಸೂರು)

ಉತ್ತರ: ಅಧಿಕಾರ ಇದೆ. ದಾಳ ಹೇಳಿದ್ದನ್ನು ಯಾವಾಗ ಬೇಕಾದರೂ ತಳ್ಳಿಹಾಕುವ ಹಕ್ಕನ್ನು 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಗೈಗ್ಯಾಕ್ಸ್ ಕೊಟ್ಟಿದ್ದಾರೆ. ಪುಸ್ತಕ ನಿಮ್ಮ ಕಡೆಗಿದೆ. ಆದರೆ ನಿಮ್ಮ ಮೇಜಿನ ಸುತ್ತ ಕೂತವರು ಆ ಪುಟಕ್ಕೆ ಸಹಿ ಹಾಕಿಲ್ಲವಲ್ಲ.

ನನ್ನದೇ ಒಂದು ಕಳ್ಳತನದ ಕಥೆ ಹೇಳುತ್ತೇನೆ. 2014ರಲ್ಲಿ ಐದನೇ ಆವೃತ್ತಿ ಬಂದಾಗ ನನ್ನ ಅಕ್ಕನ ಮಗ ಅಮೆರಿಕದಿಂದ ಸ್ಟಾರ್ಟರ್ ಸೆಟ್ ತಂದುಕೊಟ್ಟ. ಡಬ್ಬಿಯಲ್ಲಿ 6 ದಾಳ, ಸಿದ್ಧವಾದ 5 ಪಾತ್ರ. ನಾನು ಆಗ ಬ್ಯಾಂಕ್ ನೌಕರಿಯಲ್ಲಿದ್ದೆ. ರಾಜಾಜಿನಗರದ ನಮ್ಮ ಮನೆಯ ಊಟದ ಮೇಜೇ ಕತ್ತಲೆ ಗುಹೆಯಾಯಿತು. ಮೂರು ಹಳೆ ಕ್ಯಾಲೆಂಡರ್ ರಟ್ಟು ಅಂಟಿಸಿ ಪರದೆ ಮಾಡಿಕೊಂಡಿದ್ದೆ. ಆಟಗಾರರಲ್ಲಿ ಒಬ್ಬರು ಆಡಿಟರ್. ಎಲ್ಲರೂ ಕುರುಕಲು ತಿನ್ನುತ್ತಿದ್ದರೆ ಇವರು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಪ್ರತಿ ಏಟಿನ ಲೆಕ್ಕ ಬರೆಯುತ್ತಿದ್ದರು.

ಒಂದು ದಿನ ಸೇತುವೆಯ ಮೇಲೆ ಒಗರ್ ಎಂಬ ದೈತ್ಯ ರಾಕ್ಷಸನ ಜತೆ ಕಾಳಗ. ಪುಸ್ತಕದ ಪ್ರಕಾರ ಒಗರ್‌ಗೆ 59 ಹಿಟ್ ಪಾಯಿಂಟ್, ಅಂದರೆ ಅಷ್ಟು ಏಟು ಬಿದ್ದರೆ ಅದು ಸಾಯಬೇಕು. ಎರಡೇ ಸುತ್ತಿಗೆ ಸತ್ತೇ ಹೋಯಿತು! ನಾನು ಮೂರು ದಿನ ಕೂತು ಹೆಣೆದ ಕಾಳಗ ಅದು. ಸೇತುವೆ ಮುರಿಯುವುದು ಬಾಕಿ, ಹೊಳೆಗೆ ಬೀಳುವುದು ಬಾಕಿ. ನನಗೆ ತಡೆಯಲಾಗಲಿಲ್ಲ. ಒಗರ್ ತೂರಾಡಿತು ಅಂದೆ, ಬೀಳಿಸಲಿಲ್ಲ. ಸೇತುವೆ ಮುರಿಯಿತು, ಎಲ್ಲರೂ ಚೀರಾಡಿದರು, ಭರ್ಜರಿ ಆಟವಾಯಿತು. ಹೊರಡುವಾಗ ಆಡಿಟರ್ ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಕೇಳಿದರು: "ಮೇಡಂ, ಒಗರ್‌ಗೆ 59 ಅಲ್ವಾ? ನಾವು 83 ಹೊಡೆದಿದ್ದೀವಿ."

"ಇದು ದೊಡ್ಡ ಜಾತಿಯದು," ಅಂದೆ.

"ಸರಿ ಮೇಡಂ," ಅಂದರು.

ಮುಂದಿನ ವಾರ ಅವರು ಲೆಕ್ಕದ ಪುಸ್ತಕ ತಂದಿರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬಂದು ಕೂರುತ್ತಿದ್ದರು, ನಗುತ್ತಿದ್ದರು, ತಮ್ಮ ಸರದಿ ಬಂದಾಗ ದಾಳ ಹಾಕುತ್ತಿದ್ದರು. ಬರೆಯುವುದನ್ನು ನಿಲ್ಲಿಸಿದ್ದರು, ಅಷ್ಟೇ. ಯಾಕೆ ಬರೆಯಬೇಕು ಹೇಳಿ? ಒಗರ್ ಸಾಯುವುದು ಏಟಿನ ಲೆಕ್ಕದಿಂದಲ್ಲ, ಮೇಡಂ ಮರ್ಜಿಯಿಂದ ಅಂತ ಗೊತ್ತಾಗಿತ್ತಲ್ಲ. ಅವರು ಜಗಳ ಮಾಡಿದ್ದರೆ ನನಗೆ ಅಷ್ಟು ತಾಗುತ್ತಿರಲಿಲ್ಲ.

ಮೂರು ತಿಂಗಳು ಬೇಕಾಯಿತು ನನಗೆ ಬಾಯಿ ಬಿಡಲು. ಒಂದು ಶನಿವಾರ ಆಟ ಶುರುವಾಗುವ ಮುಂಚೆ ಎಲ್ಲರ ಎದುರಿಗೆ ಹೇಳಿದೆ: ಒಗರ್ ವಿಷಯದಲ್ಲಿ ನಾನು ಸುಳ್ಳು ಹೇಳಿದೆ. ಆಮೇಲೆ ಒಂದು ಪದ್ಧತಿ ಶುರುಮಾಡಿದೆ, ಇವತ್ತಿಗೂ ನಡೆಯುತ್ತಿದೆ. ಕಾಳಗಕ್ಕೆ ಮುಂಚೆ ಎದುರಾಳಿಯ ಹಿಟ್ ಪಾಯಿಂಟನ್ನು ಒಂದು ಚೀಟಿಯಲ್ಲಿ ಬರೆದು, ಮಡಚಿ, ಮೇಜಿನ ನಡುವೆ ಸ್ಟೀಲ್ ಲೋಟದ ಅಡಿಗೆ ಇಡುತ್ತೇನೆ. ಒಗರ್‌ಗೆ 90 ಕೊಡಬೇಕೆನಿಸಿದರೆ 90 ಬರೆಯುತ್ತೇನೆ, ಆ ಅಧಿಕಾರ ನನ್ನದೇ. ಲೋಟ ಮಗುಚಿದ ಮೇಲೆ ಮಾತ್ರ ನನ್ನದಲ್ಲ. ಕಾಳಗ ಮುಗಿದ ಮೇಲೆ ಆಡಿಟರ್ ಲೋಟ ಎತ್ತಿ ಚೀಟಿ ಓದುತ್ತಾರೆ. ನಾಲ್ಕನೇ ವಾರಕ್ಕೆ ಲೆಕ್ಕದ ಪುಸ್ತಕ ವಾಪಸ್ ಬಂತು.

ಈಗ ನಿಮ್ಮ ಕ್ಲೆರಿಕ್ ವಿಷಯ. ನೀವು ಉಳಿಸಿದ್ದು ಪ್ರೀತಿಯಿಂದಲೇ, ಒಪ್ಪಿದೆ. ಆದರೆ ಅದರಿಂದ ಕಳೆದುಕೊಂಡವರು ಯಾರು ನೋಡಿ. ಆ ಕ್ಲೆರಿಕ್ ನಾಳೆ ನಿಜವಾಗಿಯೂ ಕೂದಲೆಳೆಯಲ್ಲಿ ಬದುಕಿದರೆ ಅದರ ಆಟಗಾರನಿಗೆ ಕುಣಿಯಲಾಗುವುದಿಲ್ಲ. ಡಿಎಂ ಉಳಿಸಿರಬಹುದು ಅಂದುಕೊಳ್ಳುತ್ತಾನೆ. ಹಿಂದೆ ಬದುಕಿದ್ದಕ್ಕೆಲ್ಲ ಅದೇ ಅನುಮಾನ ಹತ್ತುತ್ತದೆ. ಕರುಣೆ ತೋರಿಸಬೇಕೆಂದಿದ್ದರೆ ಬಾಯಿಬಿಟ್ಟು ತೋರಿಸಿ: "20 ಬಿತ್ತು. ಇದು ತಗುಲಿದರೆ ಸಾಯುತ್ತೀಯ. ಸಾಯಲೂಬಹುದು, ಇಲ್ಲ ಗುರಾಣಿ ಚೂರಾಗಿ ನೀನು ಸೆರೆ ಸಿಕ್ಕಬಹುದು. ಯಾವುದು ಬೇಕು?" ಎಷ್ಟೋ ಆಟಗಾರರು ಸಾವನ್ನೇ ಆರಿಸಿಕೊಳ್ಳುತ್ತಾರೆ, ನೋಡಿ ಬೇಕಾದರೆ.

ಎದುರಿಗೆ ದಾಳ ಹಾಕಿ ಅಂದದ್ದನ್ನು ಅವಮಾನ ಅಂದುಕೊಳ್ಳಬೇಡಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವಳು ನಾನು. ಕೌಂಟರ್ ಬಿಡುವ ಮುಂಚೆ ಹಣ ಎಣಿಸಿಕೊಳ್ಳಿ ಅಂತ ಬೋರ್ಡ್ ಹಾಕುವವರೇ ನಾವು. ಗ್ರಾಹಕರು ನನ್ನೆದುರೇ ಬೆರಳಿಗೆ ಉಗುಳು ಹಚ್ಚಿ ನೋಟು ಎಣಿಸಿದರೆ ನನಗೆಂದೂ ಬೇಜಾರಾಗಿಲ್ಲ. ಎಣಿಸದೆ ಹೋದವರು ಸಂಜೆ ನಾಲ್ಕಕ್ಕೆ ವಾಪಸ್ ಬಂದಾಗಲೇ ಕಷ್ಟ.

ಎಲ್ಲವನ್ನೂ ಬಯಲಿಗಿಡಬೇಕಾಗಿಲ್ಲ. ನಕ್ಷೆ, ಖಳನ ಹಂಚಿಕೆ, ಕಳ್ಳಗಂಡಿ ಕಂಡಿತೋ ಇಲ್ಲವೋ ಎಂಬ ದಾಳ, ಇವು ಪರದೆಯ ಹಿಂದೆಯೇ ಇರಲಿ. ಅಲ್ಲಿ ದಾಳ ಕಂಡರೆ ಗುಟ್ಟು ರಟ್ಟಾಗುತ್ತದೆ. ಯಾವುದು ಒಳಗೆ, ಯಾವುದು ಹೊರಗೆ ಅನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡಿ.

ಪ್ರಶ್ನೆ: ನಮ್ಮಲ್ಲೊಬ್ಬನಿಗೆ ನಿಯಮದ ಪುಸ್ತಕ ಬಾಯಿಪಾಠ. ನಾನು ತೀರ್ಪು ಕೊಟ್ಟ ಕೂಡಲೇ ಪುಟಸಂಖ್ಯೆ ಹೇಳುತ್ತಾನೆ. ಹೆಚ್ಚಿನ ಸಲ ಅವನದ್ದೇ ಸರಿ ಇರುತ್ತದೆ, ಅದೇ ಮಾರಾಯ್ರೆ ತೊಂದರೆ. ಅರ್ಧ ಸಂಜೆ ಚರ್ಚೆಯಲ್ಲೇ ಹೋಗುತ್ತದೆ. (ಮಂಗಳೂರು)

ಉತ್ತರ: ಈ ಜಗಳ ನಿಮ್ಮ ಮೇಜಿಗಿಂತ ಹಳೆಯದು. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಜ್ ಯುದ್ಧದಾಟದ ನಿಯಮ ಬರೆದ. ಎರಡು ಪಕ್ಷದವರೂ ತಮ್ಮ ಆಜ್ಞೆಗಳನ್ನು ನಡುವಿನ ಒಬ್ಬನಿಗೆ ಒಪ್ಪಿಸಬೇಕು. ಯಾರಿಗೆ ಏನು ಕಾಣುತ್ತದೆ, ಏಟು ಎಷ್ಟು ಬಿತ್ತು ಅನ್ನುವುದನ್ನು ಅವನು ಹೇಳುತ್ತಾನೆ. ಅವನಿಗೆ ಇಟ್ಟ ಜರ್ಮನ್ ಹೆಸರು ಫರ್ಟ್ರೌಟೆ. ಅಂದರೆ ನಂಬಿಕಸ್ಥ. ನ್ಯಾಯಾಧೀಶ ಅಂತಲೂ ಅಲ್ಲ, ಒಡೆಯ ಅಂತಲೂ ಅಲ್ಲ. ನಮ್ಮ ಡಿಎಂಗಳ ಮೂಲಪುರುಷ ಇವನೇ ಅಂತ ನನ್ನ ಲೆಕ್ಕ.

ನಿಯಮ ಬೆಳೆದು ಬೆಳೆದು ಹೊರಲಾರದ ಹೊರೆಯಾಯಿತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ ಕೋಷ್ಟಕಗಳನ್ನೆಲ್ಲ ಪಕ್ಕಕ್ಕಿಟ್ಟು, ಮಧ್ಯಸ್ಥನ ಅನುಭವಕ್ಕೇ ತೀರ್ಪು ಬಿಡಿ ಅಂದ. ಅವರಿಗದು ನಡೆಯುತ್ತಿತ್ತು, ಮಧ್ಯಸ್ಥರು ನಿಜವಾದ ಯುದ್ಧ ಕಂಡವರು. ನೀವು ಡ್ರ್ಯಾಗನ್ ಕೊಂದ ಅನುಭವಿಯೇ? ನಾನಂತೂ ಅಲ್ಲ. ಹಾಗಾಗಿ ಪುಸ್ತಕ ಬಲ್ಲವನನ್ನು ಎದುರುಹಾಕಿಕೊಳ್ಳಬೇಡಿ, ಅವನನ್ನೇ ನಿಯಮದ ಶಾನುಭೋಗನನ್ನಾಗಿ ಮಾಡಿ. ಸಂಶಯ ಬಂದರೆ ನೀವೇ ಅವನನ್ನು ಕೇಳಿ. ಎರಡು ನಿಮಿಷದಲ್ಲಿ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಇವತ್ತಿಗೆ ನಿಮ್ಮ ತೀರ್ಪು. ಅವನು ಮನೆಯಲ್ಲಿ ಹುಡುಕಿಕೊಂಡು ಬಂದು ಮುಂದಿನ ವಾರ ಓದಿ ಹೇಳಲಿ. ನಿಮ್ಮದು ತಪ್ಪಿದ್ದು, ಅದರಿಂದ ಯಾರದಾದರೂ ಕುದುರೆ ಸತ್ತಿದ್ದರೆ ಕುದುರೆ ವಾಪಸ್ ಕೊಡಿ.

ಪ್ರಶ್ನೆ: ಅಕ್ಕಾ, ನಮ್ಮ ಡಿಎಂ ನನ್ನ ರೂಮ್‌ಮೇಟ್. ಮುಂದ ಮೂರು ದಾರಿ ಅದಾವ ಅಂದ. ನಾವು ಒಂದು ತಾಸು ವಾದ ಮಾಡಿ ಕಾಡಿನ ದಾರಿ ಹಿಡಿದ್ವಿ, ಅಲ್ಲೊಂದು ಹಾಳು ಗೋಪುರ ಸಿಕ್ತು. ಮರುದಿನ ಅವನ ನೋಟ್‌ಬುಕ್ ಮಂಚದ ಮ್ಯಾಲೆ ತೆರೆದು ಬಿದ್ದಿತ್ತು. ಮೂರೂ ದಾರಿಗೆ ಅದೇ ಗೋಪುರ! ಇನ್ನು ಆಡೂದೇ ಬ್ಯಾಡ ಅನಿಸೇದ. (ಹುಬ್ಬಳ್ಳಿ, 19 ವರ್ಷ)

ಉತ್ತರ: ನಿನ್ನ ವಯಸ್ಸು ನೋಡಿ ಏಕವಚನದಲ್ಲೇ ಬರೆಯುತ್ತೇನೆ. ನಾನು ಶಿರಸಿ ಕಡೆಯವಳು. ಚಿಕ್ಕಂದಿನಲ್ಲಿ ದೊಡ್ಡಪ್ಪನ ಜತೆ ತಾಳಮದ್ದಳೆಗೆ ಹೋಗಿ ಕಂಬಳಿ ಹೊದ್ದು ತೂಕಡಿಸಿದವಳು. ಒಂದು ರಾತ್ರಿ ಕೃಷ್ಣಸಂಧಾನ. ಕೌರವನ ಅರ್ಥ ಹೇಳುತ್ತಿದ್ದವರು ಮಾತಿನಲ್ಲಿ ಕೃಷ್ಣನನ್ನು ಹೇಗೆ ಕಟ್ಟಿಹಾಕಿದರೆಂದರೆ, ಕೃಷ್ಣ ನೀರು ಕುಡಿಯುವ ನೆಪ ಮಾಡಬೇಕಾಯಿತು. ಸಭೆಯೆಲ್ಲ ಚಪ್ಪಾಳೆ. ಭಾಗವತರು ಮೀಸೆಯಲ್ಲೇ ನಗುತ್ತಾ ಇನ್ನಷ್ಟು ಹೊತ್ತು ಬಿಟ್ಟರು, ಆಮೇಲೆ ಮುಂದಿನ ಪದ ಎತ್ತಿಕೊಂಡರು. ಕೌರವ ಎಷ್ಟೇ ಗೆದ್ದರೂ ಸಂಧಾನ ಮುರಿಯಲೇಬೇಕು, ಯುದ್ಧ ಆಗಲೇಬೇಕು. ಅದು ಅಲ್ಲಿ ಕೂತ ಮಕ್ಕಳಿಗೂ ಗೊತ್ತು. ಆದರೂ ಒಬ್ಬರೂ ಎದ್ದು ಹೋಗಲಿಲ್ಲ, ಮೋಸವಾಯಿತು ಅಂತ ಯಾರೂ ಅನ್ನಲಿಲ್ಲ. ಕಥೆಯ ದಾರಿ ಒಂದೇ ಅನ್ನುವುದು ಬಂದವರಿಗೆಲ್ಲ ಗೊತ್ತಿದ್ದ ಮಾತು. ಬಿಡುವು ಇದ್ದದ್ದು ಮಾತಿಗೆ. ಆ ಬಿಡುವು ಮಾತ್ರ ಅಪ್ಪಟ.

ನಿನ್ನ ರೂಮ್‌ಮೇಟ್ ಒಂದೇ ಗೋಪುರ ಬರೆದದ್ದು ತಪ್ಪಲ್ಲ. ಮೂರು ದಾರಿ ಅಂತ ಹೇಳಿ ನಿಮ್ಮನ್ನು ಒಂದು ತಾಸು ವಾದಕ್ಕೆ ಬಿಟ್ಟು ನೋಡುತ್ತಾ ಕೂತನಲ್ಲ, ಅದು ತಪ್ಪು. ಇದು ಎಷ್ಟು ಹಳೆ ಚಾಳಿ ಎಂದರೆ ಆಟದವರು ಇದಕ್ಕೆ ಕ್ವಾಂಟಂ ಒಗರ್ ಅಂತ ಹೆಸರೇ ಇಟ್ಟಿದ್ದಾರೆ. ಎಡಕ್ಕೆ ಹೋದರೂ ಅದೇ ಒಗರ್, ಬಲಕ್ಕೆ ಹೋದರೂ ಅದೇ. (ಒಗರ್‌ಗೂ ನನಗೂ ಯಾವ ಜನ್ಮದ ಋಣವೋ!)

ಅವನ ಕಷ್ಟವನ್ನೂ ನೋಡು. ಕ್ಲಾಸು, ಅಸೈನ್‌ಮೆಂಟು ಮುಗಿಸಿ ಒಂದು ಗೋಪುರ ಬರೆಯಲು ಎರಡು ರಾತ್ರಿಯಾದರೂ ಬೇಕು. ಮೂರು ಬರೆ ಅಂದರೆ ಅವನು ಫೇಲಾಗುತ್ತಾನೆ. ನೀವೇ ಒಂದು ಉಪಾಯ ಮಾಡಿ: ಪ್ರತಿ ಆಟದ ಕೊನೆಗೆ, ದಾಳ ಡಬ್ಬಿಗೆ ಹಾಕುವ ಮುಂಚೆ, ಮುಂದಿನ ವಾರ ಎಲ್ಲಿಗೆ ಹೋಗುತ್ತೀರಿ ಅಂತ ತೀರ್ಮಾನಿಸಿ ಹೇಳಿ. ಅವನು ಅದೊಂದನ್ನೇ ಬರೆಯುತ್ತಾನೆ, ಆಯ್ಕೆಯೂ ನಿಮ್ಮದೇ ಆಗುತ್ತದೆ. ಬಿಡುವಿಲ್ಲದ ವಾರ "ಈ ಸಲ ಗೋಪುರ ಒಂದೇ ಅದ, ಅಲ್ಲಿಗೇ ನಡೀರಿ" ಅಂತ ಅವನು ಬಾಯಿಬಿಟ್ಟು ಹೇಳಲಿ, ನೀವು ನಡೀರಿ.

ನೋಟ್‌ಬುಕ್ ನೋಡಿದ ಸಂಗತಿ ಅವನಿಗೆ ನೀನೇ ಹೇಳು. ಗುಂಪಿನ ಎದುರಿಗೆ ಬೇಡ, ಮೆಸ್ಸಿನಲ್ಲಿ ರೊಟ್ಟಿ ತಿನ್ನುವಾಗ ಹೇಳು. ಅವನು ಕಣ್ಕಟ್ಟು ಮಾಡಿದ, ನೀನು ಇಣುಕಿ ನೋಡಿದೆ. ಬಾಕಿ ಚುಕ್ತಾ.

ಪ್ರಶ್ನೆ: ಅಪ್ಪ ಹೋಗಿ ಎಂಟು ತಿಂಗಳು. ಡಿಎಂಗೂ ಗೊತ್ತು. ಹೋದ ವಾರ ಆಟದಲ್ಲಿ ನನ್ನ ಪಾತ್ರದ ತಂದೆಯನ್ನು ಹಾಸಿಗೆ ಹಿಡಿಸಿ, ಅವರಿಂದ ನನಗೆ ಕೊನೆಯ ಮಾತು ಆಡಿಸಿದರು. ಮನಸ್ಸು ಹಗುರಾಗಲಿ ಅಂತ ಮಾಡಿದೆ ಅಂದರು. ಎಲ್ಲರೂ ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಲ್ಲೇ ಬೇಡ ಅಂದಿದ್ದರೆ ಎಲ್ಲರ ಆಟ ಹಾಳಾಗುತ್ತಿತ್ತಲ್ಲವೇ? (ಬೆಂಗಳೂರು)

ಉತ್ತರ: ಹಾಳಾಗುತ್ತಿರಲಿಲ್ಲ. ಹಾಳಾದರೂ ಆಗಲಿ, ಅದು ಆಟ.

ನಿಮ್ಮ ಡಿಎಂಗೆ ಕೆಟ್ಟ ಮನಸ್ಸಿರಲಿಕ್ಕಿಲ್ಲ. ಆದರೆ ಊರಿನ ಡ್ರ್ಯಾಗನ್, ರಾಜ, ಮಳೆ, ಬಿಸಿಲು ಇವುಗಳ ಮೇಲೆ ನೀವು ಅವರಿಗೆ ಕೊಟ್ಟ ಅಧಿಕಾರದಲ್ಲಿ ನಿಮ್ಮ ಅಪ್ಪ ಸೇರಿರಲಿಲ್ಲ. ಕೇಳದೆ ತೆಗೆದುಕೊಂಡರು. ಅವರಿಗೆ ಒಂದು ಮೆಸೇಜ್ ಹಾಕಿ: "ಅಪ್ಪನ ವಿಷಯ ಆಟದಲ್ಲಿ ತರಬೇಡಿ. ಅದರ ಬಗ್ಗೆ ಈಗ ಮಾತಾಡಲು ಇಷ್ಟವಿಲ್ಲ." ಇಷ್ಟು ಸಾಕು. ಕೊನೆಗೆ "ಸಾರಿ" ಅಂತ ಸೇರಿಸಬೇಡಿ. ಸೇರಿಸಲು ಕೈ ಓಡುತ್ತದೆ, ನನಗೆ ಗೊತ್ತು.

ಇಂಥದ್ದಕ್ಕೆ ಅಂತಲೇ ಜಾನ್ ಸ್ಟಾವ್ರೊಪೊಲಸ್ ಎಂಬುವವರು ಎಕ್ಸ್ ಕಾರ್ಡ್ ಎಂಬ ಪದ್ಧತಿ ತಂದರು. ಎಕ್ಸ್ ಗುರುತು ಹಾಕಿದ ಒಂದು ಕಾರ್ಡ್ ಮೇಜಿನ ನಡುವೆ ಇರುತ್ತದೆ. ಯಾರು ಬೇಕಾದರೂ ಅದನ್ನು ಮುಟ್ಟಬಹುದು. ಮುಟ್ಟಿದರೆ ಆ ಸಂಗತಿ ಕಥೆಯಿಂದ ಹೊರಗೆ. ಕಾರಣ ಹೇಳಬೇಕಾಗಿಲ್ಲ, ಕೇಳುವ ಹಾಗೂ ಇಲ್ಲ.

ಚೆನ್ನಾಗಿದೆ, ಆದರೆ ನಮ್ಮವರ ದಾಕ್ಷಿಣ್ಯದ ಮುಂದೆ ಈ ಕಾರ್ಡ್ ಬಡಪಾಯಿ. ಊಟದೆಲೆಗೆ ಬಡಿಸುತ್ತಿದ್ದರೆ ಸಾಕು ಅನ್ನಲು ಒದ್ದಾಡುವ ಜನ ನಾವು, ಎಲ್ಲರೂ ನೋಡುತ್ತಿರುವಾಗ ಕಾರ್ಡ್ ಮುಟ್ಟುತ್ತೇವಾ? ನಮ್ಮ ಮನೆಯಲ್ಲಿ ಒಂದು ವರ್ಷ ಆ ಕಾರ್ಡ್ ಮೇಲೆ ಚಟ್ನಿ ಬಟ್ಟಲು ಇಡುತ್ತಿದ್ದೆವು, ಮುಟ್ಟಿದವರಿಲ್ಲ. ಆಮೇಲೆ ಹೊಳೆಯಿತು, ಮೊದಲು ಮುಟ್ಟಬೇಕಾದವಳು ನಾನೇ ಅಂತ. ಈಗ ಹೊಸಬರು ಬಂದ ಮೊದಲ ಸಂಜೆ ಗುಹೆಯ ಗೋಡೆ ಬಣ್ಣಿಸುತ್ತಾ, ಗೋಡೆ ತುಂಬಾ ಹಲ್ಲಿಗಳು ಅನ್ನುತ್ತೇನೆ. ಅಂದು, ನಾನೇ ಕಾರ್ಡ್ ಮುಟ್ಟುತ್ತೇನೆ. "ಹಲ್ಲಿ ನನಗಾಗುವುದಿಲ್ಲ. ಗೋಡೆಯ ಮೇಲೆ ಪಾಚಿ." ನಿಜಕ್ಕೂ ನನಗೆ ಹಲ್ಲಿ ಆಗುವುದಿಲ್ಲ, ನಾಟಕವಲ್ಲ. ಎಲ್ಲರೂ ನಗುತ್ತಾರೆ, ಆಟ ಮುಂದೆ ಹೋಗುತ್ತದೆ. ಹೋದ ದಸರೆಯ ಹೊತ್ತಿಗೆ ಬಂದ ಒಬ್ಬ ಹುಡುಗಿ ಎರಡನೇ ವಾರಕ್ಕೇ ಕಾರ್ಡ್ ಮುಟ್ಟಿದಳು. ಕಥೆಯಲ್ಲಿ ಒಂದು ಮಗು ಬಾವಿಯ ಹತ್ತಿರ ಆಡುತ್ತಿತ್ತು. ಅದನ್ನು ಒಳಗೆ ಅಜ್ಜಿಯ ಹತ್ತಿರ ಕಳಿಸಿದೆ, ಅಲ್ಲಿಂದ ಮುಂದುವರಿಸಿದೆವು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದೆ ಯಾವತ್ತಾದರೂ ಅಪ್ಪನ ಬಗ್ಗೆ ಆ ಮೇಜಿನಲ್ಲಿ ಆಡಬೇಕು ಅಂತ ನಿಮಗೇ ಅನಿಸಿದರೆ ನೀವೇ ತನ್ನಿ. ಅನಿಸದಿದ್ದರೆ ಬಿಡಿ.

ತಿದ್ದುಪಡಿ: ಐದನೇ ಆವೃತ್ತಿಯ ಡೆತ್ ಸೇವಿಂಗ್ ಥ್ರೋ (ಹಿಟ್ ಪಾಯಿಂಟ್ ಮುಗಿದು ಬಿದ್ದ ಪಾತ್ರ ಉಳಿಯುತ್ತದೋ ಸಾಯುತ್ತದೋ ಎಂದು ಹಾಕುವ ದಾಳ) ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆಯುತ್ತಾ, 20 ಬಿದ್ದರೆ ಎರಡು ಗೆಲುವು ಎಂದು ಲೆಕ್ಕ ಅಂದಿದ್ದೆ. ತಪ್ಪು. 1 ಬಿದ್ದರೆ ಎರಡು ಸೋಲು, ಅದು ಸರಿ. 20 ಬಿದ್ದರೆ ಪಾತ್ರಕ್ಕೆ 1 ಹಿಟ್ ಪಾಯಿಂಟ್ ಬಂದು ಅಲ್ಲೇ ಎಚ್ಚರವಾಗುತ್ತದೆ. ಪುಸ್ತಕ ತೆಗೆದು ನೋಡದೆ ನೆನಪಿನಿಂದ ಬರೆದದ್ದು ನನ್ನ ತಪ್ಪು. ಇಬ್ಬರು ಓದುಗರು ತಿದ್ದಿ ಬರೆದಿದ್ದಾರೆ. ಅವರಲ್ಲಿ ಶಿವಮೊಗ್ಗದ ಓದುಗರ ಮೇಜಿನಲ್ಲಿ ನನ್ನ ಅಂಕಣ ತೋರಿಸಿ, 20 ಬಿದ್ದ ರೇಂಜರ್ ಒಬ್ಬಳನ್ನು ನೆಲದ ಮೇಲೆಯೇ ಮಲಗಿಸಿದ್ದರಂತೆ. ಮುಂದಿನ ಸುತ್ತಿನಲ್ಲಿ ತೋಳ ಅವಳನ್ನು ಮುಗಿಸಿತಂತೆ. ಆ ಗುಂಪಿನ ಡಿಎಂ ಅವರಲ್ಲಿ ವಿನಂತಿ: ದಯವಿಟ್ಟು ಆ ಸುತ್ತನ್ನು ಮತ್ತೆ ಆಡಿ. ರೇಂಜರ್‌ಗೆ 1 ಹಿಟ್ ಪಾಯಿಂಟ್ ಇದೆ. ಅವಳು ಏಳುತ್ತಾಳೆ.